ಎಂಟಿಟಿ ಪ್ಲೇಟಿನಲ್ಲಿ ಐಸಿ50 ಕೆಡುವುದು ಎಲ್ಲಿ?

ಹೊಸ ಸಂಯುಕ್ತವೊಂದು ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಎಷ್ಟೋ ಲ್ಯಾಬ್‌ಗಳು ಮೊದಲು ಹಿಡಿಯುವುದು, ಬದುಕಿರುವ ಕೋಶ ಎಷ್ಟೆಂದು ಎಂಟಿಟಿ ಎಂಬ ಬಣ್ಣದ ಮೂಲಕ ಅಳೆಯುವ ಎಂಟಿಟಿ ಪರೀಕ್ಷೆಯನ್ನೇ. 1983ರಲ್ಲಿ ಮೋಸ್ಮನ್ ಪ್ರಕಟಿಸಿದ ವಿಧಾನ. ಅಗ್ಗ, ಸುಲಭ, ಹಾಗಾಗಿಯೇ ಉಡಾಫೆಯೂ ಜಾಸ್ತಿ.

96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನ ಒಂದೊಂದು ವೆಲ್‌ಗೆ 100 ಮೈಕ್ರೋಲೀಟರ್ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ), ಅದರಲ್ಲಿ ಸುಮಾರು 5,000 ಕೋಶ. 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಟ್ಟರೆ ತಳಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಔಷಧಿ, ಎಂಟು ಸಾಂದ್ರತೆಗಳಲ್ಲಿ, ಪ್ರತಿಯೊಂದಕ್ಕೂ ಮೂರು ವೆಲ್. 72 ಗಂಟೆ ಕಳೆದ ಮೇಲೆ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಎಂಟಿಟಿ ದ್ರಾವಣ 10 ಮೈಕ್ರೋಲೀಟರ್ ಹಾಕಿ ಮೂರ್ನಾಲ್ಕು ಗಂಟೆ ಕಾಯಬೇಕು. ಬದುಕಿರುವ ಕೋಶಗಳು ಹಳದಿ ಎಂಟಿಟಿಯನ್ನು ನೇರಳೆ ಹರಳಾಗಿಸುತ್ತವೆ. ಮೀಡಿಯಂ ತೆಗೆದು, ಹರಳನ್ನು ಡಿಎಂಎಸ್ಒ ಎಂಬ ದ್ರಾವಕದಲ್ಲಿ ಕರಗಿಸಿ, 570 ನ್ಯಾನೋಮೀಟರ್‌ನಲ್ಲಿ ಬಣ್ಣದ ಗಾಢತೆ ಓದಿಸುವುದು. ಔಷಧಿಯಿಲ್ಲದ ವೆಲ್‌ಗೆ ಹೋಲಿಸಿದರೆ ಬಣ್ಣವನ್ನು ಅರ್ಧಕ್ಕಿಳಿಸುವ ಔಷಧಿ ಸಾಂದ್ರತೆಯೇ ಐಸಿ50.

ಮೀಡಿಯಂ ತೆಗೆಯುವಾಗಲೇ ಅರ್ಧ ಪ್ಲೇಟ್ ಹಾಳಾಗುವುದುಂಟು. ಪಿಪೆಟ್ ತುದಿ ತಳಕ್ಕೆ ತಾಗಿದರೆ ಹರಳೂ ಎದ್ದು ಹೋಗುತ್ತದೆ, ಔಷಧಿ ಕೊಂದಂತೆ ಕಾಣುತ್ತದೆ. ತುದಿಯನ್ನು ಗೋಡೆಗೆ ಆನಿಸಿ, ಪ್ಲೇಟನ್ನು ತುಸು ವಾಲಿಸಿ ಎಳೆಯಿರಿ. ಅಂಚಿನ ವೆಲ್‌ಗಳಲ್ಲಿ ನೀರು ಆವಿಯಾಗಿ ಸಾಂದ್ರತೆ ಏರುತ್ತದೆ. ಅಲ್ಲಿ ಬರೀ ಮೀಡಿಯಂ ತುಂಬಿ, ಲೆಕ್ಕಕ್ಕೆ ಒಳಗಿನ 60 ವೆಲ್ ಮಾತ್ರ ಇಟ್ಟುಕೊಳ್ಳಿ.

ಸಿಸ್ಪ್ಲಾಟಿನ್‌ನ (ಪ್ಲಾಟಿನಂ ಇರುವ ಕ್ಯಾನ್ಸರ್ ಔಷಧಿ) ತಾಪತ್ರಯವೇ ಬೇರೆ. ಎಲ್ಲ ಔಷಧಿಯನ್ನೂ ಡಿಎಂಎಸ್ಒದಲ್ಲಿ ಕರಗಿಸಿಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಡಿಎಂಎಸ್ಒದ ಗಂಧಕ ಪ್ಲಾಟಿನಂಗೆ ಅಂಟಿಕೊಂಡು ಕ್ಲೋರೈಡನ್ನು ಹೊರದಬ್ಬುತ್ತದೆ, ಔಷಧಿ ಬಲ ಕಳೆದುಕೊಳ್ಳುತ್ತದೆ. ಶೇ. 0.9ರ ಉಪ್ಪಿನ ದ್ರಾವಣವೇ ಸರಿ.

ಕೋಶದ ಗುರುತೂ ಪಕ್ಕಾ ಇರಬೇಕು. ಸ್ತನ ಕ್ಯಾನ್ಸರಿನದೆಂದು ವರ್ಷಗಟ್ಟಲೆ ಬಳಸಿದ ಎಂಡಿಎ-ಎಂಬಿ-435 ಎಂಬ ಕೋಶತಳಿ ಕೊನೆಗೆ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂದು ತಿಳಿಯಿತು.

ನಮ್ಮಲ್ಲಿ ಬಹಳ ಮಂದಿ ಪರೀಕ್ಷಿಸುವುದು ಗಿಡಮೂಲಿಕೆಗಳ ಸಾರವನ್ನು. ಅದರಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಆಗ ಕೋಶ ಸತ್ತಿದ್ದರೂ ಬದುಕಿದೆ ಎಂದೇ ಲೆಕ್ಕ. ಅದಕ್ಕೇ ಕೋಶವಿಲ್ಲದ ಮೂರು ವೆಲ್‌ಗೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಿ. ಅವೂ ನೇರಳೆಯಾದರೆ ಎಂಟಿಟಿ ಬಿಟ್ಟು ಕೋಶದ ಪ್ರೋಟೀನಿಗೆ ಅಂಟುವ ಎಸ್ಆರ್‌ಬಿ ಬಣ್ಣಕ್ಕೆ ಹೋಗುವುದು ಒಳ್ಳೆಯದು.