ಹಂಡೆ ದೊಡ್ಡದು ತಂದ ವರ್ಷ

ಹೊಸ ಭಾಣ ಪಿಕಪ್ ಗಾಡಿಯಿಂದ ಇಳಿದ ದಿನ ನಮ್ಮ ಪಾತ್ರಾಂವ್ ಅದಕ್ಕೆ ಹೂವಿನ ಹಾರ ಹಾಕಿದ್ದರು. ಪಾತ್ರಾಂವ್ ಅಂದರೆ ಧಣಿ. ಭಾಣ ಅಂದರೆ ತಾಮ್ರದ ಹಂಡೆ, ಗೇರು ಹಣ್ಣಿನ ರಸ ಕಾಯಿಸಿ ಫೆನಿ ಇಳಿಸುವುದು ಅದರಲ್ಲೇ. ಹಳೆಯದು 90 ಲೀಟರಿನದು, ಅವರ ಅಪ್ಪನ ಕಾಲದ್ದು. ಹೊಸದು 250. ನಾಲ್ಕು ಜನ ಸೇರಿ ಇಳಿಸಿದೆವು. "ಇನ್ನು ರಾತ್ರಿ ನಿದ್ದೆ ಮಾಡಿ ನೀವು" ಅಂದರು. ಮೂರು ಸಲ ಇಳಿಸುವುದು ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನುವ ಲೆಕ್ಕ. ನಾನೂ ಹೂಂ ಅಂದೆ. ಆ ಹಂಗಾಮಿನಷ್ಟು ನಿದ್ದೆ ಕೆಟ್ಟದ್ದು ಮತ್ಯಾವಾಗಲೂ ಇಲ್ಲ.

ನನ್ನ ಊರು ಹಳಿಯಾಳ. ಗೋವಾಕ್ಕೆ ಬಂದದ್ದು ವೆಲ್ಡಿಂಗ್ ಕೆಲಸಕ್ಕೆ. ಈಗ ಸತ್ತರಿ ತಾಲೂಕಿನಲ್ಲಿ, ವಾಳ್ಪೈ ಕಡೆ, ಧಣಿಯ ಮನೆ ಹಿತ್ತಲಲ್ಲೇ ಇರುವ ಭಟ್ಟಿಯಲ್ಲಿದ್ದೇನೆ. ನನ್ನ ಜೊತೆ ಬದಾಮಿ ಕಡೆಯ ಹುಡುಗನೊಬ್ಬ ಇದ್ದಾನೆ. ಒಲೆ ಮುಂದೆ ನಮ್ಮಿಬ್ಬರದು ಕನ್ನಡ, ಬೈಗುಳ ಮಾತ್ರ ಕೊಂಕಣಿ. ಭಟ್ಟಿ ಅಂದ ಕೂಡಲೇ ಊರಲ್ಲಿ ಕಳ್ಳಭಟ್ಟಿ ಅಂತ ಕಣ್ಣು ಅಗಲ ಮಾಡುತ್ತಾರೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಆ ಭಯ ಇನ್ನೂ ಇದೆ. ಇಲ್ಲಿ ಲೈಸೆನ್ಸ್ ಇದೆ, ಅಬಕಾರಿಯವರ ಲೆಕ್ಕ ಇದೆ. ಗೇರು ಫೆನಿಗೆ 2009ರಲ್ಲಿ ಜಿಐ, ಅಂದರೆ ಇದು ಗೋವಾದ್ದೇ ಅನ್ನುವ ಸರಕಾರಿ ಗುರುತು, ಅದೂ ಸಿಕ್ಕಿದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಳಿಸಿದರೆ ಇಲ್ಲೂ ಜೈಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲಸ ಸರಳ. ತಾನಾಗಿ ಉದುರಿದ ಹಣ್ಣು ಆರಿಸಿ, ತುಳಿದು, ರಸ ತೆಗೆಯುವುದು. ರಸ ಎರಡು ಮೂರು ದಿನದಲ್ಲಿ ತಾನೇ ಹುಳಿಯುತ್ತದೆ. ಮೊದಲ ಸಲ ಇಳಿಸಿದರೆ ಬರುವುದು ಉರಾಕ್. ಅದಕ್ಕೆ ಹುಳಿದ ರಸ ಬೆರೆಸಿ ಇನ್ನೊಮ್ಮೆ ಇಳಿಸಿದರೆ ಫೆನಿ.

ಮೊದಲ ದಿನ ಹೊಸ ಭಾಣಕ್ಕೆ 220 ಲೀಟರ್ ರಸ ಸುರಿದೆವು. ಹಳೆಯದರಲ್ಲಿ 70ಕ್ಕಿಂತ ಜಾಸ್ತಿ ಹಾಕುತ್ತಿರಲಿಲ್ಲ. ಯಾಕೆ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. ಹಾಲು ಉಕ್ಕಿದ ಹಾಗೆ ರಸ ಉಕ್ಕುತ್ತದೆ, ಅದಕ್ಕೆ ಮೇಲೆ ಜಾಗ ಬೇಕು. ಕುದಿ ಬಂದ ಕೂಡಲೇ ನೊರೆ ಕೊಳವೆಗೆ ಏರಿತು. ಈಚೆ ಬಂದದ್ದು ಉರಾಕ್ ಅಲ್ಲ, ಕಂದು ಬಣ್ಣದ ಗಂಜಿ. ಮಾರನೆಯ ದಿನದಿಂದ 180ಕ್ಕೆ ನಿಲ್ಲಿಸಿದೆವು. ಆ ಪಾಠ ಅಗ್ಗದ್ದು.

ಅಗ್ಗವಲ್ಲದ್ದು ನೀರಿನದು.

ಭಾಣದಿಂದ ಹೊರಟ ಹಬೆ ತಾಮ್ರದ ಸುರುಳಿ ಕೊಳವೆಯಲ್ಲಿ ಸುತ್ತಿ ತಣ್ಣಗಾಗಿ ಹನಿಯುತ್ತದೆ. ಆ ಸುರುಳಿ 200 ಲೀಟರಿನ ನೀರಿನ ಡ್ರಮ್ಮಿನೊಳಗೆ ಮುಳುಗಿರುತ್ತದೆ. ಹಳೆಯ ಭಾಣಕ್ಕೆ ಅದು ಸಾಕಾಗುತ್ತಿತ್ತು. ಮಧ್ಯೆ ನಾಲ್ಕು ಕೊಡ ಬಾವಿ ನೀರು ಸುರಿದರೆ ಮುಗಿಯಿತು. ಹೊಸ ಹಂಡೆ ತಂದರು, ಡ್ರಮ್ಮು ಮಾತ್ರ ಅದೇ.

ನನಗೊಂದು ಅಭ್ಯಾಸವಿದೆ. ಡ್ರಮ್ಮಿನ ಹೊರಮೈ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಜಾರಿಸುತ್ತೇನೆ. ಮೇಲೆ ಸುಡಬೇಕು, ನಡುವೆ ಬೆಚ್ಚಗಿರಬೇಕು, ಕೆಳಗೆ ತಣ್ಣಗಿರಬೇಕು. ಆ ಬೆಚ್ಚಗಿನ ಗೆರೆ ಎಲ್ಲಿದೆ ಅಂತ ನೋಡಿದರೆ ಎಷ್ಟು ಹೊತ್ತು ಉಳಿದಿದೆ ಅಂತ ಗೊತ್ತಾಗುತ್ತದೆ. ಆ ದಿನ ಅರ್ಧವೂ ಇಳಿದಿರಲಿಲ್ಲ, ಕೈ ತಳದ ತನಕ ಜಾರಿಸಿದರೂ ಸುಡುತ್ತಿತ್ತು. ಕೊಳವೆಯ ತುದಿಯಲ್ಲಿ ಹನಿ ಬದಲು ಹಬೆ ಬರುತ್ತಿತ್ತು. ಮೂಗಿಗೆ ಘಾಟು. ಐದು ಮಾರು ದೂರದಲ್ಲಿ ಬೆಂಕಿ. ಆ ಹಬೆ ಅಂದರೆ ಗಾಳಿಯಲ್ಲಿ ತೇಲುವ ಸ್ಪಿರಿಟ್. ಗಾಳಿಯಲ್ಲಿ ನೂರಕ್ಕೆ ಮೂರೂ ಚಿಲ್ಲರೆ ಪಾಲು ಸೇರಿದರೆ ಸಾಕು, ಕಿಡಿ ತಾಗಿದರೆ ಭಗ್ ಅನ್ನುತ್ತದೆ.

ಕೊಳ್ಳಿ ಎಳೆಯಿರೋ ಅಂತ ಕೂಗಿದೆ. ಎಳೆದೆವು. ಆದರೆ ದೊಡ್ಡ ಒಲೆಯ ಕೆಂಡ ಹಾಗೆ ಮಾತು ಕೇಳುತ್ತದೆಯೇ? ಹಳೆಯ ಭಾಣ ಕೊಳ್ಳಿ ಎಳೆದ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು. ಇದು ಕಾಲು ಗಂಟೆ ತನ್ನ ಪಾಡಿಗೆ ಕುದಿಯಿತು. ಬದಾಮಿಯ ಹುಡುಗ ಬಾವಿಗೂ ಡ್ರಮ್ಮಿಗೂ ಓಡಿ ಓಡಿ ನೀರು ಹೊತ್ತ. ನಾನು ಹಿಡಿಯುವ ಪಾತ್ರೆಯನ್ನು ದೂರ ಸರಿಸಿ ಒದ್ದೆ ಗೋಣಿ ಮುಚ್ಚಿದೆ. ಏನೂ ಆಗಲಿಲ್ಲ. ಮನೆಗೆ ಫೋನ್ ಮಾಡಿದಾಗ ಹೇಳಲೂ ಇಲ್ಲ.

ಆ ರಾತ್ರಿ ಹೆಂಚಿನ ಚೂರಿನಿಂದ ನೆಲದ ಮೇಲೆ ಲೆಕ್ಕ ಬರೆದೆ. ಒಂದು ಲೀಟರ್ ಉರಾಕ್ ಹಬೆಯಿಂದ ನೀರಾಗುವಾಗ ಸುಮಾರು 10 ಲೀಟರ್ ಬಾವಿ ನೀರನ್ನು 30 ಡಿಗ್ರಿಯಿಂದ 80ಕ್ಕೆ ಕಾಯಿಸುತ್ತದೆ. ಹಳೆಯದರಲ್ಲಿ ಒಂದು ಸಲಕ್ಕೆ 25 ಲೀಟರ್ ಉರಾಕ್. ಅಂದರೆ 250 ಲೀಟರ್ ನೀರು. ಡ್ರಮ್ಮು, ಮೇಲೆ ನಾಲ್ಕು ಕೊಡ, ಸರಿಹೋಯ್ತು. ಹೊಸದರಲ್ಲಿ 65 ಲೀಟರ್ ಬರುತ್ತದೆ. 650 ಲೀಟರ್ ನೀರು ಬೇಕು! ನಾವು ಕೊಟ್ಟದ್ದು 200. ಬೆಳಿಗ್ಗೆ ಧಣಿಗೆ ಇದನ್ನೇ ತೋರಿಸಿದೆ. ಹಂಡೆಗೇ ಇಷ್ಟು ದುಡ್ಡು ಸುರಿದಿದ್ದೇನೆ, ಮತ್ತೆ ಟಾಕಿ ಬೇರೆ ಬೇಕಾ ಅಂತ ಗೊಣಗಿದರು. ಆದರೂ ಸಿಮೆಂಟಿನ ಟಾಕಿ ಕಟ್ಟಿಸಿದರು. ಸುರುಳಿಯ ಉದ್ದ ಎರಡರಷ್ಟಾಯಿತು. ತಣ್ಣೀರು ತಳದಿಂದ ಒಳಗೆ ಬರುತ್ತದೆ, ಬಿಸಿನೀರು ಮೇಲಿಂದ ಹರಿದು ತೆಂಗಿನ ಬುಡಕ್ಕೆ ಹೋಗುತ್ತದೆ. ಹಿಡಿಯುವ ಪಾತ್ರೆ ಈಗ ಗೋಡೆಯ ಆಚೆ, ಬೆಂಕಿ ಕಾಣದ ಕಡೆ.

ಹೊಸ ಭಾಣದ ಜೊತೆ ರಬ್ಬರ್ ಗ್ಯಾಸ್ಕೆಟ್ಟು, ಬೋಲ್ಟು ಎಲ್ಲ ಬಂದಿತ್ತು. ಅದನ್ನು ನಾನು ಒಂದೇ ದಿನ ಹಾಕಿ ತೆಗೆದೆ. ರಬ್ಬರಿನ ವಾಸನೆ ಸೀದಾ ಉರಾಕಿಗೆ ಬಂದಿತ್ತು. ಮೊದಲಿನಿಂದ ನಾವು ಬಟ್ಟೆ ಸುತ್ತಿ ಹುತ್ತದ ಮಣ್ಣು ಮೆತ್ತುತ್ತೇವೆ. ಎಲ್ಲಾದರೂ ಕೊಳವೆ ಕಟ್ಟಿಕೊಂಡರೆ ಮೊದಲು ಮಣ್ಣು ಬಿರುಕು ಬಿಡುತ್ತದೆ, ಸುಯ್ ಅಂತ ಸದ್ದು ಮಾಡುತ್ತದೆ. ಬೋಲ್ಟು ಬಿಗಿದರೆ ಹೇಳುವವರು ಯಾರು? ವೆಲ್ಡರ್ ಆಗಿ ಬೋಲ್ಟಿನ ಪರ ಮಾತಾಡಬೇಕಿತ್ತು ನಾನು. ಆದರೂ ಮಣ್ಣೇ ವಾಸಿ.

ಏಪ್ರಿಲ್ ಮೊದಲ ವಾರ ಫೆನಿ ಇಳಿಸಿದೆವು. ಎರಡನೇ ಸಲ ಇಳಿಸುವಾಗ ಮೊದಲು ಬರುವ ಒಂದು ಬಾಟ್ಲಿಯನ್ನು ನಾವು ಬೇರೆ ಇಡುತ್ತೇವೆ, ಕುಡಿಯಲು ಅಲ್ಲ, ಒಲೆ ಹೊತ್ತಿಸಲು. ಅದು ಧಣಿಯ ಅಪ್ಪ ಹಾಕಿದ ಲೆಕ್ಕ. ಹೊಸದರಲ್ಲೂ ಒಂದೇ ಬಾಟ್ಲಿ ಬೇರೆ ಇಟ್ಟೆ. ಮೂರು ಇಡಬೇಕಿತ್ತು ಅಂತ ಹೊಳೆಯಲೇ ಇಲ್ಲ. ಕಡಕ್ ಅಳೆಯುವ ಗ್ರಾವ್ ಮಾಪಕ ಹಾಕಿದರೆ 20, ಬಹಳ ಚೆನ್ನಾಗಿದೆ. ಮೂಸಿದರೆ ನೇಲ್ ಪಾಲಿಶ್. ಮಾಪಕಕ್ಕೆ ಕಡಕ್ ಎಷ್ಟು ಅಂತಷ್ಟೇ ಗೊತ್ತು, ಮೂಗು ಇಲ್ಲ ಅದಕ್ಕೆ.

ಬರೀ ಬಾಟ್ಲಿಯ ತಪ್ಪಾಗಿದ್ದರೆ ಒಂದು ದಿನದಲ್ಲಿ ಸರಿಯಾಗುತ್ತಿತ್ತು. ಮುಂದಿನ ಸಲ ಮೂರು ತೆಗೆದೆ, ಆದರೂ ಆ ವಾಸನೆ ಪೂರ್ತಿ ಹೋಗಲಿಲ್ಲ. ಆಮೇಲೆ ರಸದ ಪೀಪಾಯಿಗಳ ಮುಚ್ಚಳ ತೆಗೆದು ಒಂದೊಂದಾಗಿ ಮೂಸಿದೆ. ಮೊದಲನೆಯದು ಸರಿ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಬಗ್ಗಿದರೆ ಉಪ್ಪಿನಕಾಯಿ ಭರಣಿಗೆ ಮೂಗು ಇಟ್ಟ ಹಾಗಾಯಿತು.

ನಮ್ಮ ಗುಡ್ಡದಲ್ಲಿ ಮಾರ್ಚಿನಲ್ಲಿ ದಿನಕ್ಕೆ ಸಿಗುವುದು 60-70 ಲೀಟರ್ ರಸ. ಹಳೆಯ ಭಾಣಕ್ಕೆ ಅಳತೆ ಮಾಡಿ ಕೊಟ್ಟ ಹಾಗೆ. ಧಣಿಯ ಅಪ್ಪ ಸುಮ್ಮನೆ 90 ಲೀಟರಿನದು ಮಾಡಿಸಿದ್ದಲ್ಲ, ಮರ ಎಣಿಸಿ ಮಾಡಿಸಿದ್ದರು. ಒಂದು ದಿನದ ರಸ, ಹುಳಿದ ಕೂಡಲೇ ಒಲೆಗೆ. ಈಗ 180 ತುಂಬಬೇಕಾದರೆ ಮೂರು ದಿನ ಕಾಯಬೇಕು. ಮೂರನೇ ದಿನದ ರಸ ಹದಕ್ಕೆ ಬರುವ ಹೊತ್ತಿಗೆ ಮೊದಲ ದಿನದ್ದು ವಿನೆಗರ್ ಆಗಲು ಹೊರಟಿರುತ್ತದೆ. ಮಾರ್ಚ್ ಸೆಕೆ ಬೇರೆ. ನೇಲ್ ಪಾಲಿಶ್ ವಾಸನೆ ಹುಟ್ಟುತ್ತಿದ್ದದ್ದು ಪೀಪಾಯಿಯಲ್ಲೇ. ನಾನು ಒಲೆ ಮುಂದೆ ಕೂತು ಹುಡುಕುತ್ತಿದ್ದೆ.

ಇದನ್ನು ಧಣಿಗೆ ಹೇಳುವುದೇ ಕಷ್ಟವಾಯಿತು. ಟಾಕಿ ಬೇಕು ಅಂದರೆ ಕಟ್ಟಿಸಬಹುದು. ಮರ ಸಾಲದು ಅಂದರೆ ಏನು ಮಾಡುತ್ತಾರೆ? ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಾವೇ ಬಂದು ಪೀಪಾಯಿ ಮೂಸಿದರು, ಏನೂ ಹೇಳದೆ ಹೋದರು.

ತಾಮ್ರದ ಮಾತೂ ಇದೆ. ಹಂಡೆ ಮೂರು ಪಟ್ಟಿಗೆ ಹತ್ತಿರ ದೊಡ್ಡದಾದರೂ ಅದರ ಒಳಮೈ ಎರಡೇ ಪಟ್ಟು ಬೆಳೆಯುತ್ತದೆ. ರಸದ ಗಂಧಕದ ನಾತವನ್ನು ಹಿಡಿದುಕೊಳ್ಳುವುದು ತಾಮ್ರವೇ. ಅಷ್ಟು ರಸಕ್ಕೆ ತಾಮ್ರ ಕಡಿಮೆ ಸಿಕ್ಕಿತು ಅಂತ ಲೆಕ್ಕ. ಅದಕ್ಕೆ ಈಗ ದೊಡ್ಡದರಲ್ಲಿ ಬೆಂಕಿ ಸಣ್ಣ ಮಾಡಿ ನಿಧಾನ ಇಳಿಸುತ್ತೇವೆ. ಊರಲ್ಲಿ ಆಲೆಮನೆಯ ಕೊಪ್ಪರಿಗೆ ಮುಂದೆ ಕೂರುವ ನಮ್ಮ ಕಾಕಾ ಇದನ್ನು ಯಾವ ಲೆಕ್ಕವೂ ಇಲ್ಲದೆ ಹೇಳುತ್ತಿದ್ದರು. ನಾನು ಕೇಳಲಿಲ್ಲ ಅಷ್ಟೇ.

ಆಮೇಲಿನ ವರ್ಷ ಹಳೆಯ ಭಾಣವನ್ನು ಅಟ್ಟದಿಂದ ಇಳಿಸಿ, ಹುಣಸೆ ಹಚ್ಚಿ ಉಜ್ಜಿ, ಅದರ ಒಲೆಗೇ ಕೂರಿಸಿದೆವು. ದಿನದ ಕೆಲಸ ಅದರಲ್ಲೇ. ಏಪ್ರಿಲ್ ನಡುವಿನ ಮೂರು ವಾರ ಹಣ್ಣು ಸುರಿಯುತ್ತದೆ, ಪಕ್ಕದ ಗುಡ್ಡದವರದೂ ಬರುತ್ತದೆ. ಆಗ ದೊಡ್ಡದು ಒಂದೇ ದಿನಕ್ಕೆ ತುಂಬುತ್ತದೆ, ಅದೇ ನಮ್ಮನ್ನು ಕಾಯುತ್ತದೆ. ಉಳಿದ ದಿನ ಮಾಡಿನ ಕೆಳಗೆ ಬೋರಲು ಬಿದ್ದಿರುತ್ತದೆ. ಕೋಳಿಗಳು ಅದರ ಮೇಲೆ ಹತ್ತಿ ಕೂರುತ್ತವೆ. ಧಣಿ ಬಂದು ಹುಶ್ ಅಂತ ಓಡಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಹೋಗುತ್ತಾರೆ. ಆ ಹೊತ್ತಿಗೆ ನಾನು ಬೇಕಂತಲೇ ಕಟ್ಟಿಗೆ ತರಲು ಆಚೆ ಹೋಗಿರುತ್ತೇನೆ.