ಸ್ಯಾನ್ ಬರ್ನಾರ್ಡಿನೋದಲ್ಲಿ ಸಿಕ್ಕ ಖಡಕ್ ರೊಟ್ಟಿ

ಹೋದ ವರ್ಷ ಮಾರ್ಚ್‌ನಲ್ಲಿ ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಅವನಿರುವುದು ರಿವರ್‌ಸೈಡ್‌ನಲ್ಲಿ. ಒಂದು ಶನಿವಾರ ಬೆಳಿಗ್ಗೆ, "ಅಮ್ಮ, ಇವತ್ತು ಅಡುಗೆ ಬೇಡ, ನಿನಗೆ ಟ್ಯಾಕೋ ತಿನ್ನಿಸ್ತೀನಿ" ಎಂದ.

"ಮಂತ್ರಿ ಮಾಲ್‌ನಲ್ಲಿ ತಿಂದಿದ್ದೀವಲ್ಲೋ" ಎಂದೆ. ಟ್ಯಾಕೋ ಅಂದರೆ ಮಾಂಸ, ಸೊಪ್ಪು ತುಂಬಿ ಮಡಿಸಿದ ಮೆಕ್ಸಿಕೋದ ರೊಟ್ಟಿ. ಅದನ್ನು ಮಾರುವ ಅಮೆರಿಕದ ಟ್ಯಾಕೋ ಬೆಲ್ ಕಂಪನಿ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು 2010ರಲ್ಲಿ, ಬೆಂಗಳೂರಿನ ಮಲ್ಲೇಶ್ವರದ ಆ ಮಾಲ್‌ನಲ್ಲೇ. ಆಗ ಇವನಿಗೆ ಹನ್ನೆರಡು ವರ್ಷ. ಸಾಲಲ್ಲಿ ನಿಂತು ಕೊಡಿಸಿದ್ದೆ.

"ಅವರು ಅದನ್ನ ಎಲ್ಲಿ ಕಲಿತರು ಅಂತ ತೋರಿಸ್ತೀನಿ, ಬಾ" ಎಂದು ಕಾರು ಹತ್ತಿಸಿದ.

ಇಪ್ಪತ್ತು ನಿಮಿಷದಲ್ಲಿ ಸ್ಯಾನ್ ಬರ್ನಾರ್ಡಿನೋ ಬಂತು. ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1940ರಲ್ಲಿ ಮೊದಲ ಹೋಟೆಲು ತೆರೆದ ಊರು ಇದೇ. ಈಗ ಸೊರಗಿದ ಊರು. ರೈಲ್ವೆ ವರ್ಕ್‌ಶಾಪ್ 1990ರ ದಶಕದಲ್ಲಿ ಕೈಬಿಟ್ಟುಹೋಯಿತು. 2012ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಪಶ್ಚಿಮದ ಭಾಗದಲ್ಲಿ ಮೌಂಟ್ ವರ್ನನ್ ಅವೆನ್ಯೂ ಎಂಬ ಅಗಲ ರಸ್ತೆ ಇದೆ. ಹಿಂದೆ ಅದು ಪ್ರಸಿದ್ಧ ರೂಟ್ 66 ಹೆದ್ದಾರಿಯ ಭಾಗ. ಹೊಸ ಹೆದ್ದಾರಿಗಳು ಬಂದಮೇಲೆ ಹಾದುಹೋಗುವ ಜನ ಇಲ್ಲದಂತಾದರು. ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಮಿಟ್ಲಾ ಕೆಫೆಯ ಮುಂದೆ ಮಾತ್ರ ಕಾರು ನಿಲ್ಲಿಸಲು ಜಾಗ ಹುಡುಕಬೇಕಾಯಿತು.

1937ರಲ್ಲಿ ಲೂಸಿಯಾ ರೋಡ್ರಿಗೆಜ್ ಎಂಬ ಹೆಂಗಸು ತೆರೆದ ಹೋಟೆಲು ಇದು. ಮಿಟ್ಲಾ ಎಂಬುದು ಮೆಕ್ಸಿಕೋದ ಒವಾಹಾಕ ಸೀಮೆಯ ಹಳೆಯ ಊರಿನ ಹೆಸರು. ರೈಲ್ವೆಯಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಕುಟುಂಬಗಳು ಜಾಸ್ತಿ ಇದ್ದ ಕೇರಿ. ಅವರ ಊಟದ ಮನೆಯಾಗಿ ಶುರುವಾದದ್ದು, ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ.

ಟ್ಯಾಕೋಗೆ ಕಾಯುವಾಗ ಮಗ ಬಿಸಿಬಿಸಿಯಾಗಿ ಕಥೆ ಹೇಳಿದ. 1950ರ ಸುಮಾರಿಗೆ ಎದುರುಗಡೆ ಗ್ಲೆನ್ ಬೆಲ್ ಎಂಬ ಯುವಕ ಬರ್ಗರ್ ಅಂಗಡಿ ಇಟ್ಟಿದ್ದ. ಅವನ ಅಂಗಡಿಗಿಂತ ಇಲ್ಲಿಯ ಸಾಲು ಉದ್ದ. ಬೆಲ್ ದಿನಾ ಇಲ್ಲಿ ಬಂದು ಟ್ಯಾಕೋ ತಿನ್ನುತ್ತಿದ್ದ, ಮನೆಗೆ ಹೋಗಿ ಹಾಗೇ ಮಾಡಲು ನೋಡುತ್ತಿದ್ದ. ಕಡೆಗೆ ಈ ಮನೆಯವರೇ ಅಡುಗೆಮನೆಯೊಳಗೆ ಕರೆದು ತೋರಿಸಿದರಂತೆ. ರೊಟ್ಟಿಯನ್ನು ಮೊದಲೇ ಮಡಿಸಿ ಕರಿದಿಟ್ಟುಕೊಂಡರೆ ಗಿರಾಕಿ ಬಂದಾಗ ತುಂಬಿ ಕೊಡುವುದಷ್ಟೇ ಕೆಲಸ ಎಂದು ಬೆಲ್‌ಗೆ ಹೊಳೆಯಿತು. 19 ಸೆಂಟಿಗೆ ಒಂದರಂತೆ ಮಾರಿದ. 1962ರಲ್ಲಿ ಡೌನಿ ಎಂಬ ಊರಿನಲ್ಲಿ ಟ್ಯಾಕೋ ಬೆಲ್ ಶುರುಮಾಡಿದ. 1978ರಲ್ಲಿ ಅದನ್ನು ಪೆಪ್ಸಿ ಕಂಪನಿಗೆ ಮಾರಿದ.

"ಕದ್ದದ್ದು ಅಲ್ವಾ ಅಮ್ಮ ಇದು?" ಎಂದ.

ಉತ್ತರ ಕೊಡುವ ಮೊದಲೇ ತಟ್ಟೆ ಬಂತು. ಇಲ್ಲಿಯ ಹಳೆಯ ಪದ್ಧತಿ ಬೀಫ್ ಕೈಮಾದ್ದು. ನಾನು ಕೋಳಿಯದ್ದು ಕೇಳಿದ್ದೆ. ಅರ್ಧಚಂದ್ರದಂತೆ ಮಡಿಸಿ ಎಣ್ಣೆಯಲ್ಲಿ ಕರಿದ ಮೆಕ್ಕೆಜೋಳದ ರೊಟ್ಟಿ. ಒಳಗೆ ಮಾಂಸ, ಸಣ್ಣಗೆ ಹೆಚ್ಚಿದ ಲೆಟ್ಯೂಸ್ ಸೊಪ್ಪು, ಟೊಮೇಟೊ, ಮೇಲೆ ಹಳದಿ ಚೆಡ್ಡರ್ ಚೀಸ್. ಮೆಕ್ಸಿಕೋದ ಹಳ್ಳಿಯ ಟ್ಯಾಕೋದಲ್ಲಿ ಈ ಚೀಸ್ ಇರಲಿಲ್ಲ. ವಲಸೆ ಬಂದವರು ಅಮೆರಿಕದಲ್ಲಿ ಕೈಗೆ ಸಿಕ್ಕದ್ದನ್ನು ಹಾಕಿ ಕಟ್ಟಿದ ರುಚಿ ಅದು. ಕಚ್ಚಿದೆ. ಕರಂ ಎಂದಿತು.

ಆ ಸದ್ದಿಗೆ ನನಗೆ ಗದಗ ನೆನಪಾಯಿತು.

ದೊಡ್ಡವ್ವ ಅಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದಳು. ನಾಲ್ಕು ಮೇಜು, ಎರಡು ಒಲೆ. ನಸುಕಿನಲ್ಲೇ ರೊಟ್ಟಿ ಬಡಿಯುವ ಸದ್ದು. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಆನಿಸಿ ನಿಲ್ಲಿಸುತ್ತಿದ್ದಳು. ಸಂಜೆಗೆ ಅದು ಖಡಕ್ ಆಗಿರುತ್ತಿತ್ತು. ಮುರಿದರೆ ಇದೇ ಸದ್ದು. ಹಿಟ್ಟು ಮಾತ್ರ ಬೇರೆ. ನಮ್ಮದು ಬಿಳಿಜೋಳ, ಒಣಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವುದು. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು ಹಸಿಯಾಗೇ ಅರೆಯುತ್ತಾರೆ. ಸಾವಿರಾರು ವರ್ಷಗಳ ಕ್ರಮ ಅದು. ಎರಡರಲ್ಲೂ ಗೋಧಿಯ ಜಿಗುಟಿಲ್ಲ. ಹಾಗಾಗಿ ಹರಿಯದಂತೆ ತಟ್ಟುವುದು ಪೂರ್ತಿ ಕೈಯ ಹದ. ದೊಡ್ಡವ್ವ ಅದನ್ನು ಯಾರಿಗೂ ಬಾಯಲ್ಲಿ ಹೇಳಿಕೊಡಲಿಲ್ಲ. "ನೋಡು, ಮಾಡು" ಅನ್ನುತ್ತಿದ್ದಳು. ನಾವು ನೋಡಿದೆವು, ಮಾಡಲಿಲ್ಲ. ಅವಳ ಮೊಣಕಾಲು ಸೋತ ವರ್ಷ ಖಾನಾವಳಿ ಮುಚ್ಚಿತು. ನನಗೆ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಅವಳ ಮಕ್ಕಳಿಗೆ ಅವರವರ ಸಂಸಾರ. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ಅದಕ್ಕೇ ಮಗನ ಕೋಪ ನನಗೆ ಪೂರ್ತಿ ಹತ್ತಲಿಲ್ಲ. ಬೆಲ್ ಕಲಿತದ್ದನ್ನು ತನ್ನ ಹೆಸರಿನಲ್ಲಿ ಲೋಕಕ್ಕೆಲ್ಲ ಮಾರಿದ, ಕಲಿಸಿದವರ ಹೆಸರು ಯಾರಿಗೂ ತಿಳಿಯಲಿಲ್ಲ. ಅದು ನೋವಿನ ಮಾತೇ. ಆದರೆ ನನ್ನ ಕಣ್ಣು ಪದೇ ಪದೇ ಅಡುಗೆಮನೆಯ ಕಡೆಗೇ ಹೋಗುತ್ತಿತ್ತು. ಊರು ದಿವಾಳಿಯಾದರೂ ಒಂದು ಮನೆತನ ಇಷ್ಟು ತಲೆಮಾರು ಆ ಒಲೆ ಬಿಟ್ಟು ಏಳಲಿಲ್ಲವಲ್ಲ! ನಾವು ಒಂದೇ ತಲೆಮಾರಿಗೆ ಎದ್ದುಬಿಟ್ಟೆವು.

ಸುಮ್ನೆ ಊಟ ಹಾಕಿದ ಜಾಗವೂ ಅಲ್ಲ ಇದು. 1940ರ ದಶಕದಲ್ಲಿ ಊರಿನ ಪಾರ್ಕಿನ ಈಜುಕೊಳಕ್ಕೆ ಮೆಕ್ಸಿಕನ್ ಮಕ್ಕಳನ್ನು ಎಲ್ಲ ದಿನ ಬಿಡುತ್ತಿರಲಿಲ್ಲ. ವಾರಕ್ಕೆ ಒಂದೇ ದಿನ, ಅದೂ ನೀರು ಬದಲಿಸುವ ಹಿಂದಿನ ದಿನ. ಇದನ್ನು ಎದುರಿಸಲು ಜನ ಸಭೆ ಸೇರುತ್ತಿದ್ದದ್ದು ಮಿಟ್ಲಾದಲ್ಲಿ. ಪತ್ರಿಕೆಯ ಸಂಪಾದಕ ಇಗ್ನಾಸಿಯೋ ಲೋಪೆಸ್ ಮತ್ತು ಇತರರು ಕೋರ್ಟಿಗೆ ಹೋದರು. 1944ರಲ್ಲಿ ಗೆದ್ದರು. ಮುಂದೆ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ಬಣ್ಣಭೇದ ತಪ್ಪು ಎಂದಿತಲ್ಲ, ಅದಕ್ಕೆ ಹತ್ತು ವರ್ಷ ಮೊದಲು. ಆ ಮಾತುಗಳೆಲ್ಲ ನಡೆದದ್ದು ಹೀಗೇ ತಟ್ಟೆಗಳ ನಡುವೆ ಇರಬೇಕು.

ಮಗ ಚಿಲೆ ರೆಯೆನೋ ಕೂಡ ತರಿಸಿದ. ದಪ್ಪ ಹಸಿಮೆಣಸಿನಕಾಯಿಗೆ ಚೀಸ್ ತುಂಬಿ, ಮೊಟ್ಟೆಯ ನೊರೆಯಲ್ಲಿ ಅದ್ದಿ ಕರಿದದ್ದು. ನಮ್ಮ ಗದಗಿನ ಮಿರ್ಚಿ ಭಜಿಯ ದೂರದ ಅಕ್ಕ ಎನ್ನಬಹುದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದ ಮೆಣಸಿನಕಾಯಿಯ ತವರು ಈ ಮೆಕ್ಸಿಕೋದ ಸೀಮೆಯೇ ಅಲ್ವಾ. ಒಂದು ಮುಗಿಸಿ ಇನ್ನೊಂದು ಹೇಳಿದೆ.

ಮನೆಗೆ ಬಂದ ರಾತ್ರಿ ದೊಡ್ಡವ್ವನ ಮಗಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

"ಅಕ್ಕಾ, ದೊಡ್ಡವ್ವನ ರೊಟ್ಟಿ ಹಂಚು ಐತೇನ ಇನ್ನೂ?"

"ಅಟ್ಟದ ಮ್ಯಾಲೆ ಐತಿ. ಯಾಕ?"

"ಕೆಳಗ ಇಳಿಸಿ ಎಣ್ಣಿ ಸವರಿಡು. ಮುಂದಿನ ತಿಂಗಳ ಬರ್ತೀನಿ. ನನಗ ಬಡಿಯೋದು ಕಲಿಸು."

"ಈ ವಯಸ್ಸಿನ್ಯಾಗ?" ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಕೈ ತಪ್ಪೇತಿ. ಬಾ, ಇಬ್ಬರೂ ನೋಡೋಣಂತ" ಎಂದಳು.