ರೈಡ್ ಮೈಕ್ ಲಾಗ್: ಏಳು ವಾರದಲ್ಲಿ ಎಲ್ಲಿಗೆ ಬಂದೆ

ಈ ಲಾಗ್ ಶುರು ಮಾಡಿ ಏಳು ವಾರ ಆಯ್ತು, ಬಿಡಿಬಿಡಿಯಾಗಿ ಬರ್ಕೊಂಡಿದ್ದನ್ನೆಲ್ಲ ಇವತ್ತು ಒಂದ್ಕಡೆ ಸೇರಿಸ್ತಾ ಇದೀನಿ. ನಾನು ಅಮ್ಯೂಸ್‌ಮೆಂಟ್ ಪಾರ್ಕ್‌ನಲ್ಲಿ ಕೋಸ್ಟರ್ ಆಪರೇಟರ್. ರೈಡ್ ನಡೆಸೋ ಬಟನ್‌ಗಳ ಪ್ಯಾನಲ್ ಪಕ್ಕದಲ್ಲಿ ಬಗ್ಗೋ ಕತ್ತಿನ ಒಂದು ಮೈಕ್ ಇದೆ, ಬಟನ್ ಒತ್ತಿ ಹಿಡ್ಕೊಂಡಿದ್ರೆ ಮಾತ್ರ ಅದು ಆನ್. ಕೆಲಸಕ್ಕೆ ಅಂತ ನೋಡಿದ್ರೆ ಅದರಲ್ಲಿ ಹೇಳ್ಬೇಕಾಗಿರೋದು ನಾಲ್ಕೈದು ಸೇಫ್ಟಿ ವಾಕ್ಯ, ಅಷ್ಟು ಹೇಳಿ ಸುಮ್ನಾದ್ರೂ ಯಾರೂ ಏನೂ ಅನ್ನಲ್ಲ. ಆದ್ರೆ ಮೈಕಲ್ಲಿ ಮಾತಾಡೋಕೆ ಬರೋ ಆಪರೇಟರ್ ಇದ್ರೆ ಇಡೀ ಸ್ಟೇಷನ್ನಿನ ಕಳೆನೇ ಬದಲಾಗುತ್ತೆ, ಕ್ಯೂನಲ್ಲಿ ಫೋನ್ ನೋಡ್ಕೊಂಡು ನಿಂತಿದ್ದೋರು ತಲೆ ಎತ್ತುತಾರೆ, ಬಾರ್ ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಕೊಂಡಿದ್ದೋರು ನಗ್ತಾರೆ. ಚಿಕ್ಕೋಳಿದ್ದಾಗಿಂದ ಇದನ್ನ ನೋಡಿ ನೋಡಿ ನಂಗೂ ಹಾಗೆ ಮಾತಾಡೋಕೆ ಬರ್ಬೇಕು ಅಂತ ಆಸೆ, ಅದಕ್ಕೇ ಈ ನೋಟ್‌ಬುಕ್.

ವಾರ 1 ಮತ್ತು 2

ಏನು ಮಾತಾಡ್ಬೇಕು ಅನ್ನೋದೇ ಕಷ್ಟ ಅಂದ್ಕೊಂಡಿದ್ದೆ. ಮೊದಲ ದಿನ ಕ್ಯೂ ಕೊನೇಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ ರಾತ್ರಿ ಕೇಳಿದ್ರೆ ಅರ್ಧ ಮಾತು ತಲುಪ್ತಾನೇ ಇಲ್ಲ. ಕಂಬದ ಮೇಲಿರೋ ಹಾರ್ನ್ ಸ್ಪೀಕರ್‌ಗೆ ಬೇಸ್ ಬರಲ್ಲ, ಮಧ್ಯದ ಸದ್ದು ಮಾತ್ರ ಜೋರಾಗಿ ಎಸೆಯುತ್ತೆ, ಇನ್ನು ಸ, ಶ, ತ ತರದ ಸಣ್ಣ ಸದ್ದುಗಳನ್ನ ಟ್ರೈನಿನ ಗಡಗಡ, ಬ್ರೇಕಿನ ಗಾಳಿ ಎಲ್ಲಾ ಸೇರಿ ನುಂಗ್ತಾವೆ. ಉಳಿಯೋದು ಸ್ವರ. ಕನ್ನಡದಲ್ಲಿ ಮಾತು ಸ್ವರದಲ್ಲೇ ಮುಗಿಯುತ್ತಲ್ಲ, ಅದು ಇಲ್ಲಿ ದೊಡ್ಡ ಅನುಕೂಲ, ‘ಕೂತ್ಕೊಳ್ಳೀ’ ಅಂತ ಕೊನೇನ ಸ್ವಲ್ಪ ಎಳೆದ್ರೆ ದೂರದ ಕಂಬದವರೆಗೂ ಸ್ಪಷ್ಟವಾಗಿ ಹೋಗುತ್ತೆ. ನುಂಗಿ ಮಾತಾಡಿದ್ರೆ ಹೋಗಲ್ಲ.

ಆದ್ರೆ ಕನ್ನಡದ್ದೇ ಇನ್ನೊಂದು ವಿಷ್ಯ ನನ್ನನ್ನ ನಿಜವಾಗ್ಲೂ ಗಾಬರಿ ಮಾಡ್ತು. ನಮ್ಮಲ್ಲಿ ‘ಬೇಡ’ ಅನ್ನೋದು ಬರೋದೇ ಕಟ್ಟಕಡೇಲಿ. ‘ಕೈ ಹೊರಗೆ ಚಾಚಬೇಡಿ’ ಅಂತ ನಾನು ಹೇಳಿದ್ದು, ರೆಕಾರ್ಡಿಂಗಲ್ಲಿ ಕೇಳಿದ್ದು ‘ಕೈ ಹೊರಗೆ ಚಾಚ’, ಯಾಕಂದ್ರೆ ಬಾಯಿ ಮುಚ್ಚೋ ಮೊದಲೇ ಬೆರಳು ಬಟನ್ ಬಿಟ್ಟಿತ್ತು! ಹೇಳ್ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಅವತ್ತಿಂದ ಎರಡು ರೂಲ್ ಮಾಡ್ಕೊಂಡೆ, ಮಾತು ಮುಗಿದ ಮೇಲೆ ಮನಸ್ಸಲ್ಲಿ ‘ಒಂದು’ ಅಂತ ಎಣಿಸಿ ಆಮೇಲೆ ಬಟನ್ ಬಿಡೋದು, ಮತ್ತೆ ‘ಬೇಡಿ’ ಅಂತ ಮುಗಿಯೋ ವಾಕ್ಯನೇ ಇಟ್ಕೊಳ್ದೆ ಇರೋದು. ‘ಕೈ ಒಳಗಿರ್ಲಿ.’ ಯಾವ ತುದಿ ಕಟ್ ಆದ್ರೂ ಅರ್ಥ ಉಲ್ಟಾ ಆಗಲ್ಲ. ಮೈಕ್ ಹಿಡಿಯೋ ಕನ್ನಡದೋರು ಯಾರೇ ಇದನ್ನ ಓದಿದ್ರೂ ಇದೊಂದನ್ನಂತೂ ಮಾಡಿ.

ನಾಲಿಗೆ ತೊಡರೋದು ಬೇರೆ ಕಥೆ. ಮನೇಲಿ ಪ್ರಾಕ್ಟೀಸ್ ಮಾಡ್ವಾಗ ಸಲೀಸಾಗಿ ಬರ್ತಿದ್ದ ಸಾಲು ಪ್ಯಾನಲ್ ಮುಂದೆ ತೊದಲ್ತಾ ಇತ್ತು, ಹೆದರಿಕೆ ಇರ್ಬೇಕು ಅಂದ್ಕೊಂಡಿದ್ದೆ, ಅಲ್ಲ. ಕ್ಯೂ ಕೊನೆಯ ಸ್ಪೀಕರ್ ನನ್ನಿಂದ ಸುಮಾರು 60 ಮೀಟರ್ ದೂರ ಇದೆ, ಸದ್ದು ಗಾಳೀಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅಂದ್ರೆ ನನ್ನ ಮಾತೇ ನನ್ನ ಕಿವಿಗೆ ಹತ್ತಿರತ್ತಿರ 0.18 ಸೆಕೆಂಡ್ ತಡವಾಗಿ ವಾಪಸ್ ಬರ್ತಿದೆ. ಸ್ವಂತ ದನಿ ಇಷ್ಟು ತಡವಾಗಿ ಕೇಳಿಸಿದ್ರೆ ಚೆನ್ನಾಗಿ ಮಾತಾಡೋರೂ ತೊದಲ್ತಾರೆ, ಇದನ್ನ 1950ರ ಸುಮಾರಿಂದ್ಲೇ ಪ್ರಯೋಗ ಮಾಡಿ ನೋಡಿದಾರೆ. ಕಾರಣ ಗೊತ್ತಾದ್ಮೇಲೆ ಮದ್ದು ಸುಲಭ: ವಾಕ್ಯ ಗಿಡ್ಡ ಮಾಡೋದು, ಒಂದು ವಾಕ್ಯ ಆಡಿ ಅದು ವಾಪಸ್ ಬಂದ್ಮೇಲೆ ಇನ್ನೊಂದು. ಮೈಕಿಂದ ಎರಡು ಬೆರಳು ದೂರ, ಪ ಬ ಬಂದಾಗ ಉಸಿರು ನೇರ ಬಡಿಯದ ಹಾಗೆ ಬಾಯಿ ಸ್ವಲ್ಪ ಓರೆ. ಇಷ್ಟಕ್ಕೇ ಎರಡು ವಾರ ಹೋಯ್ತು, ಹೋಗಿದ್ದು ಒಳ್ಳೇದೇ ಆಯ್ತು.

ವಾರ 3

ಬೇರೆಯವರು ಹೇಗೆ ಮಾಡ್ತಾರೆ ಅಂತ ಹುಡುಕೋದ್ರಲ್ಲೇ ಈ ವಾರ ಕಳೀತು, ಸಿಕ್ಕಿದ್ದನ್ನ ಬರೀತಾ ಕೂತ್ರೆ ಇದೊಂದೇ ಪುಸ್ತಕ ಆಗುತ್ತೆ.

ಡಿಸ್ನಿಲ್ಯಾಂಡಿನ ಜಂಗಲ್ ಕ್ರೂಸ್ 1955ರ ಜುಲೈ 17ರಂದು ಪಾರ್ಕ್ ಜೊತೆಗೇ ಶುರುವಾಗಿದ್ದು, ಮೊದಲು ಅಲ್ಲಿ ದೋಣಿ ನಡೆಸೋರು ಪ್ರಾಣಿಗಳ ಬಗ್ಗೆ ಗಂಭೀರವಾಗಿ ವಿವರಣೆ ಕೊಡ್ತಿದ್ರಂತೆ, ತಮಾಷೆ ಸೇರಿದ್ದು 1960ರ ದಶಕದಲ್ಲಿ. ಈಗ ಅದರ ಹೆಸರು ಕೇಳಿದ್ರೆ ಜನಕ್ಕೆ ನೆನಪಾಗೋದೇ ಆ ತಮಾಷೆ. ದೋಣಿ ಜಲಪಾತದ ಹಿಂದುಗಡೆಯಿಂದ ಹೋಗುತ್ತೆ, ಆಗ ‘ನೋಡಿ, ನೀರಿನ ಬೆನ್ನು!’ ಅಂತ ಜಗತ್ತಿನ ಅದ್ಭುತ ತೋರಿಸೋ ತರ ಘೋಷಣೆ ಮಾಡ್ತಾರೆ. ನಂಗೆ ಆ ಸಾಲು ಯಾಕಿಷ್ಟ ಅಂದ್ರೆ ಅದರಲ್ಲಿ ಯಾರಿಗೂ ನೋವಿಲ್ಲ, ಕಣ್ಮುಂದೆ ಇರೋದನ್ನೇ ಎತ್ತಿ ತೋರಿಸೋದು ಅಷ್ಟೇ.

ಇಂಗ್ಲೆಂಡಿನ ಜಾತ್ರೆಗಳಲ್ಲಿ ವಾಲ್ಟ್ಸರ್ ಅನ್ನೋ ಸುತ್ತೋ ರೈಡ್ ಇದೆ, ಅಲ್ಲಿ ಮೈಕಿನೋರ ಹಳೇ ಕೂಗು ‘ಜೋರಾಗ್ಬೇಕು ಅಂದ್ರೆ ಕಿರುಚಿ’. ಉತ್ತರ ಕೊಡೋದು ಜನ, ಕಿರುಚಾಟ ಹೆಚ್ಚಾದಷ್ಟೂ ಹೊರಗೆ ನಿಂತೋರಿಗೂ ಹತ್ತೋ ಆಸೆ. ಜರ್ಮನಿಯ ಮೇಳಗಳಲ್ಲಂತೂ ಈ ಕೆಲಸಕ್ಕೆ ಪ್ರತ್ಯೇಕ ಹೆಸರೇ ಇದೆ, ರೆಕಮಾಂಡರ್ ಅಂತಾರೆ. ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್‌ನಲ್ಲಿ 1910ರಿಂದ ಇರೋ ಟಾಯ್ಫೆಲ್ಸ್‌ರಾಡ್, ಅಂದ್ರೆ ಸೈತಾನನ ಚಕ್ರ, ಒಂದು ನುಣುಪಾದ ಮರದ ತಟ್ಟೆ ಅಷ್ಟೇ, ಅದರ ಮೇಲೆ ಜನ ಕೂರ್ತಾರೆ, ತಟ್ಟೆ ತಿರುಗಿದ ಹಾಗೆ ಒಬ್ಬೊಬ್ಬರಾಗಿ ಜಾರಿ ಅಂಚಿಗೆ ಬೀಳ್ತಾರೆ. ಈಗ ಯಾರು ಹತ್ತಬೇಕು ಅಂತ ಕರೆಯೋದು ಮೈಕಿನೋರು, ಕೊನೇವರೆಗೂ ಉಳಿದೋರನ್ನ ಕಾಡಿಸೋದೂ ಅವರೇ, ಸುತ್ತ ನಿಂತು ಬರೀ ನೋಡೋಕೇ ಬರೋ ಜನ ಇದಾರೆ. ತಟ್ಟೆ ಹಾಗೇ ತಿರುಗ್ತಿದ್ರೆ ಎರಡು ನಿಮಿಷಕ್ಕೆ ಬೇಜಾರು, ಮಾತು ಸೇರಿದ್ರೆ ಗಂಟೆಗಟ್ಲೆ ನಿಲ್ತಾರೆ. ಟಗಾಡಾ ಅಂದ್ರೆ ಸುತ್ತ ಕೂತೋರನ್ನ ತಿರುಗಿಸ್ತಾ ಕುಣಿಸೋ ದೊಡ್ಡ ತಟ್ಟೆ ರೈಡ್, ಕೊರಿಯಾದಲ್ಲಿ ಅದನ್ನ ಡಿಸ್ಕೋ ಪಾಂಗ್‌ಪಾಂಗ್ ಅಂತಾರೆ, ಇಂಚನ್‌ನ ವೊಲ್ಮಿಡೋದಲ್ಲಿರೋದು ತುಂಬಾ ಫೇಮಸ್, ಅಲ್ಲಿ ಮೈಕಿನ ಡಿಜೆ ಮಾತಿನ ಕೊನೆಗೆ ಸರಿಯಾಗಿ ಯಂತ್ರನ ಕುಣಿಸಿ ಜನರನ್ನ ಎಗರಿಸ್ತಾರೆ, ಅರ್ಧ ಮಾತು ಅವರದ್ದು ಅರ್ಧ ಮಾತು ಯಂತ್ರದ್ದು.

ಅದೇ ಕೊರಿಯಾದ ಎವರ್‌ಲ್ಯಾಂಡ್‌ನಲ್ಲಿ ಅಮೆಜಾನ್ ಎಕ್ಸ್‌ಪ್ರೆಸ್ ಅಂತ ನೀರಿನ ರೈಡ್ ಇದೆ. ಅಲ್ಲಿನ ಒಬ್ಬ ಸ್ಟಾಫ್‌ದು 2022ರಲ್ಲಿ ವಿಡಿಯೋ ವೈರಲ್ ಆಯ್ತು, ತಲೆ ಒದ್ದೆಯಾಗುತ್ತೆ, ಬಟ್ಟೆ ಒದ್ದೆಯಾಗುತ್ತೆ ಅನ್ನೋ ಎಚ್ಚರಿಕೆನೇ ತಾಳಕ್ಕೆ ಕೂರಿಸಿ ಉಸಿರು ಬಿಡದೆ ಹೇಳೋದು. ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಆಗ ಅದರಲ್ಲಿ ನಂಗೆ ಕಂಡಿದ್ದು ಸ್ಪೀಡ್ ಮಾತ್ರ. ಇನ್ನೇನಿದೆ ಅಂತ ಗೊತ್ತಾಗಿದ್ದು ಆರನೇ ವಾರದಲ್ಲಿ.

ವಾರ 4

ಇದನ್ನ ಬರೆಯೋದು ಕಷ್ಟ, ಆದ್ರೂ ಬರೀತೀನಿ.

ಅಷ್ಟೊತ್ತಿಗೆ ನನ್ನ ಹತ್ರ ಮೈಕಲ್ಲಿ ಹೇಳೋ 31 ತಮಾಷೆ ಸಾಲು ಇದ್ವು. ಅದರಲ್ಲಿ ಅತಿ ಹೆಚ್ಚು ನಗು ಬರ್ತಿದ್ದಿದ್ದು ಎಲ್ಲಾ ಕಡೆ ಆಪರೇಟರ್‌ಗಳು ಹೇಳೋ ಹಳೇ ಜೋಕೇ, ಟ್ರೈನ್ ಹೊರಡೋ ಹೊತ್ತಿಗೆ ‘ಈ ಬೋಲ್ಟ್ ಯಾರದ್ದಪ್ಪಾ, ಟ್ರ್ಯಾಕ್ ಕೆಳಗೆ ಸಿಕ್ತು’ ಅನ್ನೋದು. ಶನಿವಾರ ಮಧ್ಯಾಹ್ನ ಅದನ್ನ ಹೇಳಿ ಟ್ರೈನ್ ಕಳಿಸಿದೆ, ಎಲ್ರೂ ಕಿರುಚ್ತಾ ನಗ್ತಾ ಹೋದ್ರು. ನಮ್ಮದು ಮೂರು ಟ್ರೈನ್ ಓಡೋ ಕೋಸ್ಟರ್, ಸ್ಟೇಷನ್‌ನಲ್ಲಿ ಒಂದು, ಅದರ ಹಿಂದೆ ಬ್ರೇಕ್ ಮೇಲೆ ಒಂದು, ಮೂರನೇದು, ಅಂದ್ರೆ ನಾನು ಆಗಷ್ಟೇ ಕಳಿಸಿದ್ದು, ಲಿಫ್ಟ್ ಹತ್ತುತಾ ಇತ್ತು (ಟ್ರೈನನ್ನ ಮೇಲಕ್ಕೆ ಎಳೆಯೋ ಮೊದಲ ಏರನ್ನ ಲಿಫ್ಟ್ ಅಂತೀವಿ). ಸ್ಟೇಷನ್‌ನಲ್ಲಿದ್ದ ಟ್ರೈನಲ್ಲಿ ಒಬ್ಬರ ಬ್ಯಾಗಿನ ಪಟ್ಟಿ ಲ್ಯಾಪ್ ಬಾರ್ ಕೆಳಗೆ ಸಿಕ್ಕಾಕೊಂಡು ಬಿಡಿಸೋಕೆ ತಡ ಆಯ್ತು, ಮುಂದಿನ ಬ್ಲಾಕ್, ಅಂದ್ರೆ ಒಂದು ಸಲಕ್ಕೆ ಒಂದೇ ಟ್ರೈನ್ ಇರ್ಬೇಕಾದ ಹಳಿಯ ಭಾಗ, ಖಾಲಿ ಆಗ್ಲಿಲ್ಲ, ಸಿಸ್ಟಮ್ ತಾನೇ ಲಿಫ್ಟ್ ನಿಲ್ಲಿಸ್ತು. ಅದು ಇರೋದೇ ಹಾಗೆ, ಮುಂದೆ ಜಾಗ ಇಲ್ದಿದ್ರೆ ಟ್ರೈನ್ ಬಿಡಬಾರದು, ಸರಿಯಾಗೇ ಕೆಲಸ ಮಾಡ್ತು.

ನಾನು ತಕ್ಷಣ ಮೈಕ್ ತಗೊಂಡು ‘ಟ್ರೈನ್ ಸ್ವಲ್ಪ ಹೊತ್ತು ನಿಂತಿದೆ, ಎಲ್ಲಾ ಸರಿಯಿದೆ, ಕೂತಲ್ಲೇ ಇರಿ’ ಅಂದೆ. ಮುಂದಿನ ಸಾಲಿನ ಹುಡುಗ್ರು ಜೋರಾಗಿ ನಕ್ಕು ಚಪ್ಪಾಳೆ ಹೊಡೆದ್ರು, ಇದೂ ಜೋಕ್ ಅಂದ್ಕೊಂಡ್ರು. ಹಿಂದಿನ ಸಾಲಲ್ಲಿ ಒಬ್ಬರು ಅಮ್ಮ, ಅವರು ಬೋಲ್ಟ್ ಮಾತನ್ನ ನಿಜ ಅಂತಾನೇ ನಂಬಿದ್ರು, ಬಾರ್‌ನ ಎರಡೂ ಕೈಯಲ್ಲಿ ಎಳೀತಾ ಏಳೋಕೆ ನೋಡ್ತಿದ್ರು, ಪಕ್ಕದಲ್ಲಿ ಮಗ ‘ಸುಮ್ನೆ ಹೇಳ್ತಾರಮ್ಮ’ ಅಂತಿದ್ದ. ನಾನು ಇನ್ನೂ ಎರಡು ಸಲ ಹೇಳಿದೆ. ನನ್ನ ದನಿ ಅವರಿಗೆ ಕೇಳಿಸ್ತಿತ್ತು, ನಂಬೋ ಹಾಗಿರ್ಲಿಲ್ಲ. ಕೊನೆಗೆ ನಮ್ಮ ಸೀನಿಯರ್ ಅಣ್ಣ ಲಿಫ್ಟ್ ಪಕ್ಕದ ಮೆಟ್ಟಿಲು ಹತ್ತಿ ಹೋಗಿ ಅವರ ಪಕ್ಕ ನಿಂತು ಮಾತಾಡಿಸಿದ ಮೇಲೇ ಅವರು ಕೈ ಬಿಟ್ಟಿದ್ದು. ನಾಲ್ಕು ನಿಮಿಷದಲ್ಲಿ ಲಿಫ್ಟ್ ಮತ್ತೆ ಶುರುವಾಯ್ತು. ಟ್ರೈನ್ ವಾಪಸ್ ಬಂದಾಗ ನಾನು ಪ್ಯಾನಲ್ ಬೇರೆಯವರಿಗೆ ಕೊಟ್ಟು ಹೋಗಿ ಆ ಅಮ್ಮನ ಹತ್ರ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಬಿಡಮ್ಮ’ ಅಂದ್ರು, ಕೈ ಇನ್ನೂ ನಡುಗ್ತಿತ್ತು.

ನಗಿಸೋ ದನಿ, ಟ್ರೈನ್ ನಿಂತಾಗ ಧೈರ್ಯ ಹೇಳೋ ದನಿ, ಎರಡೂ ಒಂದೇ ಮೈಕಿಂದ ಬರೋದು. ಬೋಲ್ಟ್ ಜೋಕ್‌ನಲ್ಲಿ ನಾನು ಖರ್ಚು ಮಾಡ್ತಿದ್ದಿದ್ದು ಆ ನಂಬಿಕೆನ. ಅವತ್ತು ರಾತ್ರಿ ಬೋಲ್ಟ್, ಹಳೇ ಬ್ರೇಕ್, ‘ಇವತ್ತು ನನ್ನ ಮೊದಲ ದಿನ’, ಈ ಜಾತಿಯ 9 ಸಾಲು ಹೊಡೆದು ಹಾಕ್ದೆ. ಯಾರೋ ಒಬ್ಬರನ್ನ ಗುರಿ ಮಾಡಿ ಹೆದರುಪುಕ್ಕಲು ಅಂತ ಕಾಡಿಸೋ 4 ಸಾಲನ್ನೂ ಅದರ ಜೊತೆಗೇ ತೆಗೆದೆ.

ವಾರ 5

ಹೊಸ ಸಾಲು ಒಂದೂ ಬರೀಲಿಲ್ಲ. ಟ್ರೈನ್ ನಿಂತಾಗ ಹೇಳೋ ಕಾರ್ಡ್ ಬರ್ದೆ, ಸೀನಿಯರ್ ಅಣ್ಣಂಗೂ ಸೂಪರ್‌ವೈಸರ್‌ಗೂ ತೋರಿಸಿ ಒಪ್ಪಿಸ್ಕೊಂಡು ಮೈಕ್ ಪಕ್ಕ ಅಂಟಿಸಿದೀನಿ. ಲಿಫ್ಟಲ್ಲಿ ಜನರನ್ನ ಹೆದರಿಸೋದು ಎತ್ತರ ಅಷ್ಟೇ ಅಲ್ಲ, ಟಕ್ ಟಕ್ ಸದ್ದು ತಟ್ಟನೆ ನಿಲ್ಲೋದು. ಆ ಸದ್ದು ಬರೋದು ಟ್ರೈನ್ ಅಡಿಯ ಕೊಕ್ಕೆ ಹಳಿ ಮಧ್ಯದ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳೋದ್ರಿಂದ, ಟ್ರೈನ್ ಹಿಂದಕ್ಕೆ ಜಾರದ ಹಾಗೆ ಹಿಡಿಯೋದು ಅದೇ. ಅದಕ್ಕೆ ಕಾರ್ಡಲ್ಲಿ ಎರಡನೇ ಸಾಲು ಹೀಗಿದೆ: ‘ಮೇಲೆ ಬರ್ತಾ ಟಕ್ ಟಕ್ ಅಂತ ಕೇಳಿದ್ರಲ್ಲ, ಆ ಕೊಕ್ಕೆನೇ ಈಗ ನಿಮ್ಮನ್ನ ಹಿಡ್ಕೊಂಡಿರೋದು.’ ಒಂದ್ಸಲ ಬಳಸೋ ಸಂದರ್ಭ ಬಂತು. ಸದ್ದಡಗಿ ಕೂತ್ರು ಎಲ್ರೂ. ನಿಂತಿರೋವಾಗ ತಮಾಷೆ ಪೂರ್ತಿ ಬಂದ್, ಟ್ರೈನ್ ಹೊರಟ ಮೇಲೆ ಒಂದು ಥ್ಯಾಂಕ್ಸ್.

ವಾರ 6

ಎವರ್‌ಲ್ಯಾಂಡ್ ವಿಡಿಯೋ ಮತ್ತೆ ನೋಡಿದೆ. ಅವರು ಸೇಫ್ಟಿ ಬೇರೆ ತಮಾಷೆ ಬೇರೆ ಅಂತ ಮಾಡೇ ಇಲ್ಲ, ಹೇಳ್ಬೇಕಾಗಿರೋ ಮಾತೇ ಹಾಡಿನ ತರ ಆಗಿದೆ! ನಾನು ಇಷ್ಟು ದಿನ ಸೇಫ್ಟಿ ವಾಕ್ಯನ ಗಡಗಡ ಓದಿ ಮುಗಿಸಿ ಆಮೇಲೆ ಜೋಕ್ ಹೇಳ್ತಿದ್ದೆ, ಜನ ಮೊದಲನೇದನ್ನ ಕೇಳ್ತಿರ್ಲಿಲ್ಲ. ಹಂಗಾಗಿ ಅದನ್ನೇ ತಾಳಕ್ಕೆ ಕೂರಿಸೋಕೆ ಹೊರಟೆ. ‘ಚೀಲ ಕೆಳಗೆ, ಕೈ ಒಳಗೆ, ಬೆನ್ನು ಹಿಂದೆ, ತಲೆ ಹಿಂದೆ.’ ಎರಡೆರಡು ಮಾತು, ಎಲ್ಲಾ ಎ-ಕಾರದಲ್ಲಿ ಮುಗಿಯೋ ಹಾಗೆ, ಆ ಎ ಹಾರ್ನಲ್ಲಿ ಚೆನ್ನಾಗಿ ಮೊಳಗುತ್ತೆ, ‘ಬೇಡಿ’ ಎಲ್ಲೂ ಇಲ್ಲ. ಮಧ್ಯೆ ಒಂದೊಂದು ಚಪ್ಪಾಳೆಯಷ್ಟು ಬಿಡುವು, ಆ ಬಿಡುವಲ್ಲಿ ನಮ್ಮ ಹುಡುಗ್ರು ಬಾರ್ ಒತ್ತಿ ಚೆಕ್ ಮಾಡ್ಕೊಂಡು ಹೋಗ್ತಾರೆ. ಮೊದಲು ಬೇಗ ಹೇಳ್ಬಿಡ್ತಿದ್ದೆ, ‘ಅಕ್ಕಾ, ನಮ್ಮ ಕೈಗಿಂತ ನಿಮ್ಮ ಬಾಯಿ ಮುಂದೆ ಹೋಗ್ತಿದೆ’ ಅಂದ್ರು, ಈಗ ಅವರ ಕೈ ನೋಡ್ಕೊಂಡೇ ಹೇಳ್ತೀನಿ. ಚೆಕ್ ಮುಗೀತು ಅಂತ ಅವರು ಹೆಬ್ಬೆರಳು ಎತ್ತಿ ಥಂಬ್ಸಪ್ ತೋರಿಸ್ತಾರೆ, ಕೊನೇ ಥಂಬ್ಸಪ್ ಕಾಣೋವರೆಗೂ ಕೊನೇ ಸಾಲು ಬಿಡಲ್ಲ.

ಕ್ಯೂಗೆ ಬೇರೆ ಸಾಲು ಬೇಕು. ಕಾಯೋದರ ಬಗ್ಗೆ ಮ್ಯಾನೇಜ್‌ಮೆಂಟ್ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದಿದ್ದು ಇವತ್ತಿಗೂ ಎಲ್ರೂ ಹೇಳ್ತಾರೆ, ಮನಸ್ಸಿಗೆ ಏನಾದ್ರೂ ಕೆಲಸ ಇದ್ರೆ ಕಾಯೋ ಹೊತ್ತು ಗಿಡ್ಡ ಅನ್ಸುತ್ತೆ, ಎಷ್ಟು ಹೊತ್ತು ಯಾಕೆ ಅಂತ ಗೊತ್ತಿಲ್ದಿದ್ರೆ ಉದ್ದ ಅನ್ಸುತ್ತೆ. ಹಾಗಾಗಿ ಬಂದ ಟ್ರೈನಿನ ಮುಖಗಳನ್ನ ನೋಡಿ ಕ್ಯೂಗೆ ವರದಿ ಒಪ್ಪಿಸ್ತೀನಿ, ‘ಮೂರನೇ ಸಾಲಿನ ಅಜ್ಜಿ ನಗ್ತಾ ಬಂದ್ರು, ಮೊಮ್ಮಗ ಇನ್ನೂ ಕಣ್ಣು ಬಿಟ್ಟಿಲ್ಲ’. ತಡ ಆದ್ರೆ ಯಾಕೆ ತಡ ಅಂತ ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ.

ವಾರ 7

ಈಗ ಉಳಿದಿರೋದು 18 ಹಳೇ ಸಾಲು, ಅದರಲ್ಲಿ ದಿನಾ ಬಳಸೋದು ಆರೋ ಏಳೋ. ಕಣ್ಣಿಗೆ ಬಿದ್ದಿದ್ದನ್ನ ಹೇಳೋದೇ ಜಾಸ್ತಿ.

ಭಾನುವಾರ ಒಂದು ಸ್ಕೂಲ್ ಗುಂಪು ಬಂದಿತ್ತು, ಕ್ಯೂನಲ್ಲಿ ನಿಂತು ನಾಲ್ಕೈದು ಟ್ರೈನ್ ಹೋಗೋದನ್ನ ನೋಡಿದ್ರು. ಅವರ ಸರದಿ ಬಂದಾಗ ನಾನು ಬಟನ್ ಒತ್ತಿ ‘ಚೀಲ’ ಅಂದೆ, ಇಡೀ ಟ್ರೈನ್ ‘ಕೆಳಗೆ’ ಅಂತು. ‘ಕೈ’ ಅಂದೆ, ‘ಒಳಗೆ’. ನಾಲ್ಕನೇದಕ್ಕೆ ನಾನು ಬಾಯಿ ತೆರೆಯೋ ಮೊದಲೇ ಎಲ್ಲಾ ತಲೆಗಳೂ ಹಿಂದಕ್ಕೆ ಒರಗಿದ್ವು. ನಾನು ಸುಮ್ನೆ ಥಂಬ್ಸಪ್ ಎಣಿಸಿ ಟ್ರೈನ್ ಬಿಟ್ಟೆ.

ಮುಂದಿನ ವಾರದ ಕೆಲಸ: ಲಿಫ್ಟ್ ಕಂಬದ ಸ್ಪೀಕರ್ ಹತ್ರ ರೆಕಾರ್ಡ್ ಮಾಡ್ಬೇಕು, ಕಾರ್ಡಿನ ಎರಡನೇ ಸಾಲು ಗಾಳಿ ಇರೋ ದಿನ ಅಲ್ಲಿ ಹೇಗೆ ಕೇಳುತ್ತೆ ಅಂತ ಇನ್ನೂ ನೋಡಿಲ್ಲ.